ನಾಬ್ ತಿರುಗಿಸುವ ಮೊದಲು
ಕಾಯಿಲೋವರ್ (ಸ್ಪ್ರಿಂಗ್ ಸುತ್ತಿದ, ಎತ್ತರ ಬದಲಿಸಬಹುದಾದ ಶಾಕ್ ಅಬ್ಸಾರ್ಬರ್) ಹಾಕಿಸಿದವರು ಹೆಚ್ಚಾಗಿ ಒಂದೇ ದೂರು ತರುತ್ತಾರೆ. "ಗಾಡಿ ತುಂಬಾ ಗಟ್ಟಿ ಮಾರಾಯ್ರೆ, ಸ್ವಲ್ಪ ಸಾಫ್ಟ್ ಮಾಡಿ ಕೊಡಿ." ನಾನು ಕೂಡಲೇ ಶಾಕ್ ಬಿಗಿ-ಸಡಿಲ ಮಾಡುವ ನಾಬ್‌ಗೆ ಕೈ ಹಾಕುವುದಿಲ್ಲ. ಟಯರ್ ತಣ್ಣಗಿರುವಾಗ ಗಾಳಿ ನೋಡುತ್ತೇನೆ. ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುವುದಕ್ಕಿಂತ ಐದಾರು ಪಿಎಸ್‌ಐ ಜಾಸ್ತಿ ಇದ್ದರೆ, ಒಳ್ಳೆಯ ಶಾಕ್ ಅಬ್ಸಾರ್ಬರ್ ಇದ್ದೂ ಗಾಡಿ ಕುಲುಕುತ್ತದೆ.

ಆಮೇಲೆ ಎತ್ತರ. ನನ್ನ ಪ್ರಕಾರ ಅರ್ಧ ದೂರು ಇಲ್ಲೇ ಇರುತ್ತದೆ. ಚಂದ ಕಾಣಲಿ ಅಂತ ಗಾಡಿ ತೀರಾ ಇಳಿಸಿದರೆ ಶಾಕ್ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಸಣ್ಣ ಗುಂಡಿಗೂ ಬಂಪ್ ಸ್ಟಾಪ್‌ಗೆ, ಅಂದರೆ ಶಾಕ್ ಇನ್ನೂ ಕುಗ್ಗದಂತೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ಶಾಕ್‌ನ ರಾಡ್ ಹೊರಗೆ ಕಾಣುವಂತಿದ್ದರೆ ಅದಕ್ಕೊಂದು ಕೇಬಲ್ ಟೈ ಕಟ್ಟಿ, ಕೆಳಗಿನ ಬಾಡಿಗೆ ತಾಗುವಂತೆ ಸರಿಸಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಕೂಳೂರಿನಿಂದ ಸುರತ್ಕಲ್‌ವರೆಗೆ ಹೋಗಿ ಬನ್ನಿ. ಶಾಕ್ ಕುಗ್ಗಿದಷ್ಟೂ ಟೈ ಮೇಲೆ ಸರಿದಿರುತ್ತದೆ. ಬಂಪ್ ಸ್ಟಾಪ್‌ವರೆಗೂ ಹೋಗಿ ಕೂತಿದೆಯಾ? ಹಾಗಾದರೆ ಗಾಡಿ ಎತ್ತರಿಸಬೇಕು. ನಾಬ್ ತಿರುಗಿಸಿ ಏನೂ ಸಿಗದು.

ಈಗ ನಾಬ್‌ನಿಂದ ಬದಲಿಸುವ ರೀಬೌಂಡ್, ಅಂದರೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಎಷ್ಟು ಬೇಗ ಬಿಚ್ಚಿಕೊಳ್ಳಬೇಕು ಅನ್ನುವುದು. ಹಂಪ್ ದಾಟಿದ ಗಾಡಿ ಒಮ್ಮೆ ಎದ್ದು ಸುಮ್ನೆ ಕೂರಬೇಕು. ಎರಡು ಮೂರು ಸಲ ದೋಣಿಯ ಹಾಗೆ ತೇಲಿದರೆ ರೀಬೌಂಡ್ ಸಡಿಲ. ತೀರಾ ಬಿಗಿಯಾದರೂ ಕಷ್ಟವೇ. ಮಳೆಗಾಲದ ರಸ್ತೆಯಲ್ಲಿ ಒಂದರ ಹಿಂದೆ ಒಂದು ಗುಂಡಿ, ಅಲ್ವಾ? ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬರುತ್ತದೆ. ಗಾಡಿ ಸ್ವಲ್ಪ ಸ್ವಲ್ಪವೇ ತಗ್ಗಿ ಕೊನೆಗೆ ಬಂಪ್ ಸ್ಟಾಪ್ ಮೇಲೆಯೇ ಓಡುತ್ತದೆ. ಇಂಥ ಗಾಡಿಯ ನಾಬ್ ಎರಡು ಕ್ಲಿಕ್ ಸಡಿಲಿಸಿದರೆ ಮೆತ್ತಗಾಗುತ್ತದೆ. ತೇಲುವ ಗಾಡಿಗೆ ಮಾತ್ರ ಬಿಗಿಸುವುದೇ ಮದ್ದು.

ನಾಬ್ ಪೂರ್ತಿ ಬಿಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ ಬರೆದಿಡಿ. ಎಡ ಬಲ ಒಂದೇ ಲೆಕ್ಕ ಇರಲಿ. ಅದೇ ರಸ್ತೆ, ಅದೇ ವೇಗ, ಅಷ್ಟೇ ಜನ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಊರೊಳಗೆ ಹಿತವಾದ ಸೆಟ್ಟಿಂಗ್ ಆಗುಂಬೆಯ 14 ತಿರುವುಗಳಲ್ಲಿ ಮೈ ವಾಲಿಸಬಹುದು. ಘಟ್ಟ ಹತ್ತುವ ದಿನ ಒಂದೆರಡು ಕ್ಲಿಕ್ ಬಿಗಿಸಿಕೊಂಡರೆ ಸಾಕು.

ನಮ್ಮ ಕಡಲ ಗಾಳಿಗೆ ಕಾಯಿಲೋವರ್‌ನ ಮರೆ (ಎತ್ತರ ಬದಲಿಸಲು ತಿರುಗಿಸುವ ಥ್ರೆಡ್) ಬೇಗ ತುಕ್ಕು ಹಿಡಿಯುತ್ತದೆ. ಮಳೆಗೆ ಮುಂಚೆ ಬ್ರಶ್‌ನಿಂದ ಉಜ್ಜಿ, ತೊಳೆದು, ಒಣಗಿಸಿ. ಎತ್ತರ ಬದಲಿಸಿದರೆ ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬಿಟ್ಟರೆ ಟಯರಿನ ಒಂದು ಅಂಚು ಮಾತ್ರ ಸವೆದಿರುತ್ತದೆ, ಒಳ ಅಂಚಾದರೆ ಹೊರಗಿನಿಂದ ನೋಡಿದರೆ ಕಾಣುವುದೂ ಇಲ್ಲ.