ವೆಸ್ಲಿ ಚಾಪೆಲ್: ಕೇಳಲೆಂದು ಕಟ್ಟಿದ ಮನೆ

ಲಂಡನ್ನಿನ ಸಿಟಿ ರೋಡ್‌ನಲ್ಲಿರುವ ವೆಸ್ಲಿ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದ ಬಗ್ಗೆ ಓದುವಾಗ ಮೊದಲು ಕಂಬಗಳ ಕಡೆ ಹೋಗಬೇಡಿ. ಬೋಧಕರು ನಿಂತು ಬೋಧಿಸುವ ಪ್ರಸಂಗ ಪೀಠ ಎಲ್ಲಿದೆ ನೋಡಿ. ಉಳಿದದ್ದು ಅಲ್ಲಿಂದಲೇ ಅರ್ಥವಾಗುತ್ತದೆ.

ಈ ಚಾಪೆಲ್ ಕಟ್ಟುವುದಕ್ಕೂ ಮುಂಚೆ, ಮೆಥೋಡಿಸ್ಟ್ ಎಂಬ ಕ್ರೈಸ್ತ ಚಳವಳಿ ಶುರುಮಾಡಿದ ಜಾನ್ ವೆಸ್ಲಿ ಹತ್ತಿರದಲ್ಲೇ ಒಂದು ಹಳೆಯ ಫಿರಂಗಿ ಕಾರ್ಖಾನೆಯಲ್ಲಿ ಸಭೆ ನಡೆಸುತ್ತಿದ್ದರು. 1716ರ ಸ್ಫೋಟದಲ್ಲಿ ಅದು ಪಾಳು ಬಿದ್ದಿತ್ತು. 1739ರಲ್ಲಿ ವೆಸ್ಲಿ ಅದನ್ನು ತೆಗೆದುಕೊಂಡು ರಿಪೇರಿ ಮಾಡಿಸಿದ್ದರು. ಆಮೇಲೆ ಹೊಸ ಕಟ್ಟಡಕ್ಕೆ 1777ರಲ್ಲಿ ಅಡಿಗಲ್ಲು ಬಿತ್ತು. 1778ರ ನವೆಂಬರ್ 1ರಂದು ಬಾಗಿಲು ತೆರೆಯಿತು. ವಿನ್ಯಾಸ ಕಿರಿಯ ಜಾರ್ಜ್ ಡಾನ್ಸ್ ಅವರದು.

'ಚರ್ಚ್' ಅನ್ನದೆ 'ಚಾಪೆಲ್' ಅಂದದ್ದು ಸುಮ್ನೆ ಅಲ್ಲ. ವೆಸ್ಲಿ ಸಾಯುವವರೆಗೂ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ, ಪಾದ್ರಿಯಾಗಿಯೇ ಇದ್ದರು. ಆ ಚರ್ಚಿನಿಂದ ಬೇರೆಯಾಗುವ ಮನಸ್ಸು ಅವರಿಗಿರಲಿಲ್ಲ. ವೆಸ್ಲಿಯ ಪರಂಪರೆಯ ಸಭೆಗಳು ಯಾವುವು ಎಂಬುದರಲ್ಲಿ ನಮ್ಮಲ್ಲಿ ಗೊಂದಲ ಜಾಸ್ತಿ: ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ ಬ್ರಿಟನ್ನಿನದು, ಅದರ ಸಭೆಗಳು 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಇವತ್ತು 'ಮೆಥೋಡಿಸ್ಟ್' ಎಂಬ ಹೆಸರಿಟ್ಟುಕೊಂಡಿರುವ ಬೆಂಗಳೂರಿನ ಚರ್ಚುಗಳ ಬೇರು ಅಮೆರಿಕನ್ ಮಿಷನ್‌ನಲ್ಲಿದೆ.

ಈಗ ಒಳಗೆ ಬನ್ನಿ. ಪೀಠ ಪಕ್ಕಕ್ಕೆ ಸರಿದು ನಿಂತಿಲ್ಲ, ನಟ್ಟನಡುವೆ ಎದ್ದು ನಿಂತಿದೆ. ಮೊದಲು ಅದು ಒಂದರ ಮೇಲೊಂದು ಮೂರು ಹಂತಗಳಿದ್ದ ಎತ್ತರದ ಪೀಠವಾಗಿತ್ತು. ಯಾಕೆ ಅಂದರೆ ಮೂರು ಕಡೆಯೂ ಗ್ಯಾಲರಿ ಇದೆ. ಮೇಲೆ ಕೂತವರಿಗೂ ಬೋಧಕರ ಮುಖ ಕಾಣಬೇಕು, ಮಾತು ಕೇಳಬೇಕಲ್ವಾ? ಆದರೆ ಇದು ಬರೀ ಪ್ರಸಂಗದ ಮನೆಯಲ್ಲ. ಪೀಠದ ಹಿಂದೆ ಅರ್ಧವೃತ್ತದ ಜಾಗದಲ್ಲಿ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ, ಮೇಜಿದೆ. ವೆಸ್ಲಿಗೆ ಎರಡೂ ಬೇಕಿತ್ತು, ಕಟ್ಟಡ ಅದನ್ನೇ ಹೇಳುತ್ತದೆ.

ಗ್ಯಾಲರಿಯ ಮುಂಭಾಗದ ಸುತ್ತಲೂ ಪಾರಿವಾಳ, ಅದನ್ನು ಸುತ್ತಿಕೊಂಡ ಹಾವಿನ ಅಲಂಕಾರವಿದೆ. ಸರ್ಪದಂತೆ ಜಾಣರಾಗಿ, ಪಾರಿವಾಳದಂತೆ ನಿಷ್ಕಪಟಿಗಳಾಗಿ ಎಂಬ ಯೇಸುವಿನ ಮಾತು ಅದು. ಓದು ಬಾರದವರೂ ತಲೆ ಎತ್ತಿದರೆ ಸಾಕು, ಪಾಠ ಕಾಣುತ್ತಿತ್ತು. ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಕಂಬಗಳನ್ನು ಕೊನೆಗೆ ಇಟ್ಟುಕೊಂಡೆ. ಗ್ಯಾಲರಿಯನ್ನು ಹೊತ್ತಿದ್ದು ಮೂರನೇ ಜಾರ್ಜ್ ದೊರೆ ಕೊಟ್ಟ ಹಡಗಿನ ಪಟಸ್ತಂಭಗಳು. 1891ರಲ್ಲಿ, ವೆಸ್ಲಿ ತೀರಿಕೊಂಡು ನೂರು ವರ್ಷವಾದಾಗ, ಅವುಗಳ ಜಾಗಕ್ಕೆ ಜ್ಯಾಸ್ಪರ್ ಕಲ್ಲಿನ ಕಂಬಗಳು ಬಂದವು. ಕಲ್ಲು ಚೆಂದವೇ. ಆದರೂ ಊರೂರು ಅಲೆದು ಬೋಧಿಸಿದ ಮನುಷ್ಯನ ಮನೆಗೆ ಹಡಗಿನ ಮರವೇ ಹೆಚ್ಚು ಒಪ್ಪುತ್ತಿತ್ತು ಅಂತ ನನಗನಿಸುತ್ತದೆ. ಹಳೆಯ ಕಂಬಗಳಲ್ಲಿ ಕೆಲವು ಈಗ ಬಾಗಿಲ ಪಡಸಾಲೆಯಲ್ಲಿವೆ.