28 ಡಿಗ್ರಿಯ ಊರಿನಲ್ಲಿ ತಣ್ಣೀರ ಚಿಕಿತ್ಸೆ: ಸಾಧನಗಳ ಬಗ್ಗೆ ಒಂದು ಟಿಪ್ಪಣಿ

ಫಿಸಿಯೋಥೆರಪಿ ಓದುವವರಿಗೆಲ್ಲ ಈ ಸಾಲು ಬಾಯಿಪಾಠ: ತಣ್ಣೀರಿನಲ್ಲಿ ಮುಳುಗಿಸುವುದೆಂದರೆ 10ರಿಂದ 15 ಡಿಗ್ರಿ ಸೆಲ್ಸಿಯಸ್, 10ರಿಂದ 15 ನಿಮಿಷ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಕಾರವಾರದಲ್ಲಿ ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿ ಥರ್ಮಾಮೀಟರ್ ಇಳಿಬಿಟ್ಟಾಗ ನನಗೆ ಕಂಡದ್ದು 28. ಆ 28ನ್ನು 15ಕ್ಕೆ ಇಳಿಸುವುದು ಹೇಗೆ, ಇಳಿಸಿದ್ದನ್ನು ಹದಿನೈದು ನಿಮಿಷ ಹಿಡಿದಿಡುವುದು ಹೇಗೆ? ತಣ್ಣೀರ ಚಿಕಿತ್ಸೆಯ ಸಾಧನಗಳೆಲ್ಲ, ಬಕೆಟ್ಟಿನಿಂದ ಹಿಡಿದು ಲಕ್ಷಗಟ್ಟಲೆ ಬೆಲೆಯ ಯಂತ್ರದವರೆಗೆ, ಈ ಎರಡು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವು. ಹೀಗೆ ಹಿಡಿದುಕೊಂಡರೆ ಒಂದೊಂದು ಸಾಧನದ ಹೆಸರನ್ನು ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಕಡಲಿನ ಮಾತು ಮುಗಿಸಿಬಿಡುತ್ತೇನೆ. ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಸೊಂಟದ ಮಟ್ಟಕ್ಕೆ ನೀರಿಗಿಳಿದು ನಿಂತರೆ ಮಂಡಿ ಊತಕ್ಕೆ ಒಳ್ಳೆಯದು ಅನ್ನುವವರಿದ್ದಾರೆ. ಅದರಲ್ಲಿ ನಿಜವೂ ಇದೆ, ಆದರೆ ಅದು ತಂಪಿನ ಗುಣವಲ್ಲ. ನಮ್ಮ ಅರಬ್ಬೀ ಸಮುದ್ರದ ಮೇಲ್ನೀರು ಬೆಚ್ಚಗೇ ಇರುತ್ತದೆ, 15ರ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ನೀರಿನ ಒತ್ತಡ. ಒಂದು ಮೀಟರ್ ಆಳದಲ್ಲಿ ನೀರು ಸುಮಾರು 74 ಮಿಲಿಮೀಟರ್ ಪಾದರಸದಷ್ಟು ಒತ್ತುತ್ತದೆ, ಮೇಲಕ್ಕೆ ಬಂದಂತೆ ಒತ್ತಡ ಕಡಿಮೆಯಾಗುತ್ತದೆ. ಪಾದದಲ್ಲಿ ಹೆಚ್ಚು, ತೊಡೆಯಲ್ಲಿ ಕಡಿಮೆ. ಹಾಗಾಗಿ ಕಾಲಿನಲ್ಲಿ ನಿಂತ ದ್ರವ ಮೇಲಕ್ಕೆ ಸರಿಯುತ್ತದೆ. ಟಬ್ಬಿನಲ್ಲಿ ಕೂರಿಸಿದಾಗಲೂ ಈ ಲಾಭ ಸಿಗುತ್ತದೆ, ಐಸ್ ಪ್ಯಾಕಿನಲ್ಲಿ ಸಿಗುವುದಿಲ್ಲ. ಎರಡರ ವ್ಯತ್ಯಾಸ ಕೇಳಿದರೆ ಇದನ್ನು ಬರೆಯಿರಿ.

ಈಗ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಲು ಒಂದು ಕಿಲೋಕ್ಯಾಲರಿ ಶಾಖ ತೆಗೆಯಬೇಕು. ಒಂದು ಕಿಲೋ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುವಾಗಲೇ 80 ಕಿಲೋಕ್ಯಾಲರಿ ಹೀರುತ್ತದೆ. ಕರಗಿದ ಆ ನೀರು 15 ಡಿಗ್ರಿಗೆ ಏರುವಾಗ ಇನ್ನೂ 15 ಹೀರುತ್ತದೆ. ಒಟ್ಟು 95. ಟಬ್ಬಿನಲ್ಲಿ 200 ಲೀಟರ್ ನೀರಿದೆ, 28ರಿಂದ 15ಕ್ಕೆ ತರಬೇಕು ಅಂದರೆ 200 ಗುಣಿಸು 13, 2600 ಕಿಲೋಕ್ಯಾಲರಿ. 95ರಿಂದ ಭಾಗಿಸಿದರೆ 27 ಕಿಲೋ ಚಿಲ್ಲರೆ ಐಸ್ ಬೇಕು. ಇದೇ ಲೆಕ್ಕವನ್ನು ನಾನು ಶಿರಸಿಯ ನೆಂಟರ ಮನೆ ಬಾವಿನೀರಿಗೆ ಹಾಕಿ ನೋಡಿದೆ. ಡಿಸೆಂಬರ್ ಬೆಳಿಗ್ಗೆ ಕೊಡಪಾನ ಮೇಲೆ ಬಂದಕೂಡಲೇ ಅಳೆದಾಗ 23 ಇತ್ತು. ಅದೇ 200 ಲೀಟರಿಗೆ 17 ಕಿಲೋ ಸಾಕಾಯಿತು. ಘಟ್ಟ ಹತ್ತಿದರೆ ಹತ್ತು ಕಿಲೋ ಐಸ್ ಉಳಿತಾಯ!

ಪಾದದ ಗಂಟು ಉಳುಕಿದವರಿಗೆ ಟಬ್ ಬೇಕಿಲ್ಲ, ಬಕೆಟ್ ಸಾಕು. 15 ಲೀಟರ್, 28ರಿಂದ 12ಕ್ಕೆ: 240 ಕಿಲೋಕ್ಯಾಲರಿ, ಎರಡೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ಐಸ್. ಮೀನುಗಾರರ ಮನೆಯಲ್ಲಿ ಇದಕ್ಕೆ ಯಾವ ತೊಂದರೆಯೂ ಇಲ್ಲ. ಬೈತಖೋಲ ಬಂದರಿನಲ್ಲಿ ಬೋಟಿಗೆ ತುಂಬುವ ಪುಡಿ ಐಸ್ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮನೆಗೂ ಬರುತ್ತದೆ. ಪುಡಿ ಐಸಿನ ಮೈ ಹೆಚ್ಚು ನೀರಿಗೆ ತಾಗುತ್ತದೆ, ಆದ್ದರಿಂದ ಬೇಗ ತಣಿಸುತ್ತದೆ; ದಿಮ್ಮಿ ಐಸ್ ನಿಧಾನ, ಆದರೆ ಹೆಚ್ಚು ಹೊತ್ತು ಬಾಳುತ್ತದೆ. ಒಂದೇ ಎಚ್ಚರ, ಮೀನಿನ ಪೆಟ್ಟಿಗೆಯ ಐಸನ್ನು ಗಾಯವಿದ್ದ ಕಾಲಿಗೆ ಬಳಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೀಲದ ಸಮೇತ ನೀರಿಗೆ ಬಿಡಿ.

ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಮನುಷ್ಯನನ್ನು. 60 ಕಿಲೋ ತೂಗುವವರು ಟಬ್ಬಿನಲ್ಲಿ ಕತ್ತಿನವರೆಗೆ ಕೂತರೆ ಹೆಚ್ಚುಕಡಿಮೆ 50 ಲೀಟರ್ ನೀರಿನ ಜಾಗ ಹಿಡಿಯುತ್ತಾರೆ. 27 ಕಿಲೋ ಐಸ್ ಕರಗಿ 27 ಲೀಟರ್ ಆಗುತ್ತದೆ. ಹಾಗಾಗಿ 200 ಲೀಟರಿಗೆ ಕನಿಷ್ಠ 300 ಲೀಟರಿನ ಟಬ್ ಬೇಕು, ಇಲ್ಲದಿದ್ದರೆ ತಣಿಸಿದ ನೀರೆಲ್ಲ ಬಚ್ಚಲಿಗೆ. ಮೈಯ ಬಿಸಿಯೂ ನೀರಿಗೆ ಇಳಿಯುತ್ತದೆ. ಒಬ್ಬರಾದ ಮೇಲೆ ಒಬ್ಬರು ಕೂರುವುದಿದ್ದರೆ ಪ್ರತಿ ಸಲ ಅಳೆದು ಐಸ್ ಸೇರಿಸಬೇಕು.

ಇನ್ನೊಂದು ಸೂಕ್ಷ್ಮ. ನೀರು ಅಲುಗಾಡದಿದ್ದರೆ ಚರ್ಮಕ್ಕೆ ಅಂಟಿದ ತೆಳುಪದರ ಬೆಚ್ಚಗಾಗಿ ಕಂಬಳಿಯ ಹಾಗೆ ನಿಲ್ಲುತ್ತದೆ. ಥರ್ಮಾಮೀಟರ್ 14 ತೋರಿಸುತ್ತದೆ, ಚರ್ಮಕ್ಕೆ ಮಾತ್ರ 14 ಸಿಗುವುದಿಲ್ಲ. ಕೈಯಿಂದ ಕಲಕಿದರೆ ಪದರ ಒಡೆಯುತ್ತದೆ. ವರ್ಲ್‌ಪೂಲ್ ಟ್ಯಾಂಕಿನಲ್ಲಿ ನೀರನ್ನು ಸುತ್ತಿಸುವ ಟರ್ಬೈನ್, ಟಬ್ಬಿನ ಪಂಪು ಮಾಡುವ ಮುಖ್ಯ ಕೆಲಸ ಇದೇ. ಆದ್ದರಿಂದ ನಿಂತ ನೀರಿನ 12 ಮತ್ತು ಹರಿಯುವ ನೀರಿನ 12 ಒಂದೇ ಡೋಸ್ ಅಲ್ಲ. ಕೇಸ್ ಶೀಟಿನಲ್ಲಿ ಉಷ್ಣತೆಯ ಜೊತೆಗೆ ‘ಪಂಪ್ ಚಾಲೂ’ ಅಥವಾ ‘ನಿಂತ ನೀರು’ ಎಂದೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ನೀರು ತಣಿಸುವ ಚಿಲ್ಲರ್ ಯಂತ್ರದ ಮೇಲೆ ‘ಒಂದು ಟನ್’ ಎಂದು ಬರೆದಿರುವುದು ಅದರ ತೂಕವಲ್ಲ. 2000 ಪೌಂಡ್, ಅಂದರೆ 907 ಕಿಲೋ ಐಸ್ 24 ಗಂಟೆಯಲ್ಲಿ ಕರಗುತ್ತಾ ಹೀರುವಷ್ಟು ಶಾಖವನ್ನು ಅದು ತೆಗೆಯುತ್ತದೆ ಎಂದರ್ಥ. ಗಂಟೆಗೆ ಸುಮಾರು 3024 ಕಿಲೋಕ್ಯಾಲರಿ. ಮೇಲಿನ ನಮ್ಮ 2600ಕ್ಕೆ ಕಾಗದದ ಮೇಲೆ 52 ನಿಮಿಷ. ಹೊರಗಿನ ಶಾಖ ಒಳಸೋರುವುದು ಸೇರಿದರೆ ಇನ್ನೂ ಹೆಚ್ಚು; ಜೊತೆಗೆ ನೀರು ತಣ್ಣಗಾದಷ್ಟೂ ಯಂತ್ರದ ಕಸುವೂ ಇಳಿಯುತ್ತದೆ. ಕರಾವಳಿಯ ಉಪ್ಪುಗಾಳಿ ಕಂಡೆನ್ಸರಿನ ರೆಕ್ಕೆಗಳನ್ನು ತಿನ್ನುತ್ತದೆ, ಕ್ಲೋರಿನ್ ತಾಮ್ರದ ಕೊಳವೆಯನ್ನು ತಿನ್ನುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಟೈಟೇನಿಯಂ ಕೊಳವೆ ಇರುವುದು ಅದಕ್ಕೆ. ತಣ್ಣೀರಿನಲ್ಲಿ ಕೀಟಾಣು ಸಾಯುತ್ತದೆ ಎಂಬುದು ತಪ್ಪು, ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ನೀರನ್ನು ದಿನಗಟ್ಟಲೆ ಉಳಿಸುವುದಾದರೆ ಸೋಸುವುದೂ ಕ್ಲೋರಿನ್ ಪರೀಕ್ಷಿಸುವುದೂ ಕಡ್ಡಾಯ. ವಿದ್ಯುತ್ ಸಂಪರ್ಕದಲ್ಲಿ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಯಾರನ್ನೂ ನೀರಿಗಿಳಿಸಬಾರದು. ಹಳೆಯ ಡೀಪ್ ಫ್ರೀಜರಿಗೆ ನೀರು ತುಂಬಿ ಟಬ್ ಮಾಡಿಕೊಳ್ಳುವ ವಿಡಿಯೋಗಳನ್ನು ನೋಡಿರುತ್ತೀರಿ. ದಯವಿಟ್ಟು ಬೇಡ. ಅದು ಮನುಷ್ಯ ಕೂರಲು ಮಾಡಿದ ಪೆಟ್ಟಿಗೆಯಲ್ಲ, ಕರೆಂಟ್ ಹೊಡೆದು ಜೀವ ಹೋಗಬಹುದು.

ಜೆಲ್ ಪ್ಯಾಕಿನ ವಿಷಯ ನಾನು ತಪ್ಪು ಮಾಡಿ ಕಲಿತದ್ದು. ಯಕ್ಷಗಾನದ ಬಡಗುತಿಟ್ಟಿನಲ್ಲಿ ಬಾಲ ಪಾತ್ರಗಳ ಮಂಡಿ ಕುಣಿತ ಗೊತ್ತಲ್ಲ, ಎರಡೂ ಮಂಡಿಯೂರಿ ರಂಗದ ತುಂಬ ಸುತ್ತುವುದು. ಹೊನ್ನಾವರ ಕಡೆಯ ಒಬ್ಬ ಕಲಾವಿದರು ಮಂಡಿಚಿಪ್ಪಿನ ಮುಂದೆ ನಿಂಬೆಹಣ್ಣಿನಷ್ಟು ಬಾವು ಮಾಡಿಕೊಂಡು ಬಂದಿದ್ದರು. ಚಿಪ್ಪಿನ ಮುಂದಿನ ದ್ರವದ ಚೀಲ ಊದಿಕೊಂಡದ್ದು. ನಾನು ಫ್ರೀಜರಿನಿಂದ ಜೆಲ್ ಪ್ಯಾಕ್ ತೆಗೆದು, ತೆಳು ಒಣಬಟ್ಟೆ ಸುತ್ತಿ, ಬಿಗಿಯಾಗಿ ಕಟ್ಟಿದೆ. ಏಳೆಂಟು ನಿಮಿಷಕ್ಕೆ ಅವರು, “ತಂಗೀ, ಇದು ತಂಪಲ್ಲ, ಉರಿತಾ ಇದ್ದು” ಅಂದರು. “ಇನ್ನೊಂದೈದು ನಿಮಿಷ ತಡ್ಕಳಿ” ಅಂದೆ. ಬಿಚ್ಚಿದಾಗ ಚರ್ಮದ ಮೇಲೆ ನಾಲ್ಕಾಣೆಯಗಲ ಬಿಳಿಚಿದ ಕಲೆ, ಮುಟ್ಟಿದರೆ ಮೇಣದ ಹಾಗೆ ಗಟ್ಟಿ. ಬೆಚ್ಚಗಾದ ಮೇಲೆ ಕೆಂಪಾಯಿತು, ಗುಳ್ಳೆ ಏಳಲಿಲ್ಲ. ಆದರೂ ಕಪ್ಪು ಗುರುತು ಎರಡು ವಾರ ಇತ್ತು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಎಲ್ಲಿ ತಪ್ಪಿತು? ಕರಗುತ್ತಿರುವ ಐಸ್ ಎಷ್ಟು ಹೊತ್ತಾದರೂ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಹೀರಿದ ಶಾಖವೆಲ್ಲ ಕರಗುವುದಕ್ಕೇ ಖರ್ಚು. ಅದು ಪ್ರಕೃತಿಯೇ ಕೊಟ್ಟ ಥರ್ಮೋಸ್ಟಾಟ್. ಜೆಲ್ಲಿಗೆ ಹೆಪ್ಪುಗಟ್ಟದಂಥ ರಾಸಾಯನಿಕ ಸೇರಿಸಿರುತ್ತಾರೆ, ಹಾಗಾಗಿ ಅದು ಮೈನಸ್ 18ರಲ್ಲೂ ಮೆತ್ತಗೇ ಇರುತ್ತದೆ. ಕೈಗೆ ಮೆತ್ತಗೆ ಸಿಕ್ಕಿತೆಂದು ನಾವು ಮೋಸ ಹೋಗುತ್ತೇವೆ. ಅಂದಿನಿಂದ ನಾನು ಮಾಡುವುದು ಹೀಗೆ: ಪ್ಯಾಕನ್ನು ಹೊರಗಿಟ್ಟು ಸ್ವಲ್ಪ ಏರಲು ಬಿಡುತ್ತೇನೆ, ಹಿಂಡಿದ ಒದ್ದೆ ಟವೆಲ್ ಎರಡು ಮಡಿಕೆ ಸುತ್ತುತ್ತೇನೆ, ಐದು ನಿಮಿಷಕ್ಕೊಮ್ಮೆ ಎತ್ತಿ ಚರ್ಮ ನೋಡುತ್ತೇನೆ. ಮಂಡಿಯ ಹೊರಮಗ್ಗುಲಲ್ಲಿ ಸಣ್ಣ ಎಲುಬಿನ ತಲೆಯ ಬಳಿ ನರ ಚರ್ಮದ ಕೆಳಗೇ ಹಾಯುತ್ತದೆ. ಅಲ್ಲಿ ಬಿಗಿದು ಕಟ್ಟಿದರೆ ಪಾದ ಎತ್ತಲಾಗದಂತೆ ಆಗಬಹುದು. ಮೊಣಕೈಯ ಒಳಮಗ್ಗುಲೂ ಹಾಗೇ. ತಣ್ಣನೆ, ಉರಿ, ಒಳನೋವು, ಮರಗಟ್ಟು, ಈ ಕ್ರಮದಲ್ಲಿ ಅನುಭವ ಬರುವುದು ಸಹಜ. ಆದರೆ ಉರಿ ಮುಂದಿನ ಹಂತಕ್ಕೆ ಸರಿಯದೆ ಏರುತ್ತಲೇ ಹೋದರೆ ಕೂಡಲೇ ತೆಗೆಯಬೇಕು. ರೋಗಿ ಹೇಳಿದ್ದನ್ನು ಕೇಳಬೇಕು.

ಶಸ್ತ್ರಚಿಕಿತ್ಸೆಯಾದ ಮಂಡಿಗೆ ಬಳಸುವ ಸುತ್ತುಪಟ್ಟಿ ನನಗೆ ಬಹಳ ಇಷ್ಟವಾದ ಸಾಧನ. ಐಸ್ ನೀರು ತುಂಬಿದ ಒಂದು ಜಗ್, ಒಂದು ಕೊಳವೆ, ಮಂಡಿಗೆ ಸುತ್ತುವ ಟೊಳ್ಳು ಪಟ್ಟಿ. ಮೋಟಾರಿಲ್ಲ. ಜಗ್ಗನ್ನು ಮಂಡಿಗಿಂತ 40 ಸೆಂಟಿಮೀಟರ್ ಮೇಲೆತ್ತಿ ಹಿಡಿದರೆ ನೀರು ಇಳಿದು ಪಟ್ಟಿ ತುಂಬುತ್ತದೆ, ಸುಮಾರು 30 ಮಿಲಿಮೀಟರ್ ಪಾದರಸದ ಒತ್ತಡವೂ ಸಿಗುತ್ತದೆ. ಕೆಳಗಿಳಿಸಿದರೆ ಬೆಚ್ಚಗಾದ ನೀರು ಜಗ್ಗಿಗೆ ವಾಪಸ್. ಎತ್ತರವೇ ಒತ್ತಡ, ಮಳೆಗಾಲದಲ್ಲಿ ಕರೆಂಟ್ ಹೋದರೂ ನಡೆಯುತ್ತದೆ. ಮೋಟಾರಿನ ಯಂತ್ರಗಳಲ್ಲಿ ಒತ್ತಡ ತಾನೇ ಏರಿಳಿಯುತ್ತದೆ, ಆದರೆ ರಾತ್ರಿಯಿಡೀ ಕಟ್ಟಿ ಮಲಗುವ ಅಪಾಯವೂ ಅದರಲ್ಲೇ ಹೆಚ್ಚು.

ಯಾರಿಗೆ ಕೊಡಬಾರದು ಎಂಬುದನ್ನು ಸಾಧನ ಮುಟ್ಟುವ ಮೊದಲೇ ಕೇಳಿ. ಸಕ್ಕರೆ ಕಾಯಿಲೆಯಿಂದ ಅಥವಾ ಕುಷ್ಠದಿಂದ ಸ್ಪರ್ಶ ಹೋದವರು, ಕಾಲಿನ ರಕ್ತನಾಳ ಕಟ್ಟಿದವರು (ಬೀಡಿ ಸೇದುವ ಹಿರಿಯರಲ್ಲಿ ಇದನ್ನು ವಿಚಾರಿಸಲೇಬೇಕು), ಚಳಿಗೆ ಬೆರಳು ಬಿಳಿಚುವ ರೇನೋ ತೊಂದರೆಯವರು, ತಣ್ಣೀರು ತಾಗಿದರೆ ಪಿತ್ತಗಂಧೆ ಏಳುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಹೃದ್ರೋಗಿಗಳು. ಇಡೀ ಮೈ ಮುಳುಗಿಸುವಾಗ ಮೊದಲ ಒಂದೆರಡು ನಿಮಿಷ ಎಲ್ಲಕ್ಕಿಂತ ಅಪಾಯ. ಉಸಿರು ಎಳೆದುಕೊಂಡಂತಾಗುತ್ತದೆ, ಎದೆಬಡಿತ ಏರುತ್ತದೆ. ಮುಖ ನೀರಿಗೆ ತಾಗಬಾರದು. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಪ್ರಯೋಗಗಳ 366 ಜನರ ಮಾಹಿತಿ ನೋಡಿ, ವ್ಯಾಯಾಮದ ನಂತರದ ಸ್ನಾಯುನೋವು ಸುಮ್ಮನೆ ಕೂತವರಿಗಿಂತ ತಣ್ಣೀರಿಗಿಳಿದವರಲ್ಲಿ ಕಡಿಮೆ ಎಂದಿತು. ಆದರೆ 2015ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನದಲ್ಲಿ, ಪ್ರತಿ ಸಲ ಭಾರ ಎತ್ತಿದ ಮೇಲೆ ತಣ್ಣೀರಿಗಿಳಿದವರಿಗೆ ಸ್ನಾಯುವೂ ಬಲವೂ ಕಡಿಮೆ ಬೆಳೆದವು. ‘ರೈಸ್’ (ವಿಶ್ರಾಂತಿ, ಐಸ್, ಒತ್ತುಪಟ್ಟಿ, ಮೇಲೆತ್ತಿಡುವುದು) ಸೂತ್ರವನ್ನು 1978ರಲ್ಲಿ ಕೊಟ್ಟ ಡಾ. ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ಗುಣವಾಗುವುದನ್ನು ತಡಮಾಡಬಹುದು ಎಂದು ಬರೆದರು. ಇದನ್ನು ನಮ್ಮವರ ಮೇಲಿಟ್ಟು ನೋಡೋಣ. ಶಿರಸಿಯ ಕೊನೆಗೌಡರು ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ದಿನವಿಡೀ ಮರ ಹತ್ತುತ್ತಾರೆ, ನಾಳೆ ಮತ್ತೆ ಹತ್ತಬೇಕು. ಅವರಿಗೆ ಬೇಕಾದ್ದು ಇಂದಿನ ನೋವು ಇಳಿಯುವುದು, ತಣ್ಣೀರು ಕೊಡಬಹುದು. ಮಂಡಿ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದು ತೊಡೆ ಬಲಪಡಿಸುತ್ತಿರುವ ಹುಡುಗಿಗೆ ಪ್ರತಿ ವ್ಯಾಯಾಮದ ಹಿಂದೆಯೇ ಟಬ್ ಬೇಡ ಅನ್ನುತ್ತೇನೆ. ಊತ ಇದ್ದ ದಿನ ಮಾತ್ರ, ಅದೂ ಮಂಡಿಗಷ್ಟೇ.

ಆ ಕಲಾವಿದರು ಮುಂದಿನ ತಿರುಗಾಟಕ್ಕೆ ಮತ್ತೆ ಹೊರಟಾಗ ಅವರ ಪೆಟ್ಟಿಗೆಗೆ ನಾನು ಸೇರಿಸಿದ್ದು ಮೂರೇ ವಸ್ತು: ಗಾಜಿನದಲ್ಲದ ಒಂದು ಥರ್ಮಾಮೀಟರ್, ಎರಡು ಮಡಿಕೆಯಾಗುವ ದಪ್ಪ ಟವೆಲ್, ಜಿಪ್ ಇರುವ ಚೀಲಗಳು. ಐಸ್ ಯಾವ ಊರಿನ ಮೀನು ಗಾಡಿಯಲ್ಲೂ ಸಿಗುತ್ತದೆ. ಆಟ ಮುಗಿದು ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೆಗೆಯುವಾಗ ಚೀಲಕ್ಕೆ ಐಸಿನ ಜೊತೆ ಒಂದು ಲೋಟ ನೀರೂ ಹಾಕಿ ಮಂಡಿಯ ಮೇಲೆ ಇಟ್ಟುಕೊಳ್ಳುತ್ತಾರಂತೆ, ಮುಖದ ಬಣ್ಣ ಹೋಗುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದಂತೆ.