ಬೆಂಕಿ ನೋಡುತ್ತಾ ಕೂತವರಿಗೆ ನೀರು ಕಲಿಸಿದ್ದು

2022ರ ಜನವರಿ 15, ಶನಿವಾರ. ಎಳ್ಳು-ಬೆಲ್ಲ ಹಂಚುವುದು ಮುಗಿದಿತ್ತು. ಕೊರೊನಾದ ವಾರಾಂತ್ಯ ಕರ್ಫ್ಯೂ ಬೇರೆ. ದಾವಣಗೆರೆಯ ಬೀದಿಗಳು ಬಿಕೋ ಎನ್ನುತ್ತಿದ್ದವು. ಲೆಕ್ಕ ಹಾಕಿದರೆ, ಆ ರಾತ್ರಿ ಎಂಟೂವರೆಯಿಂದ ಒಂಬತ್ತರೊಳಗೆ ಊರಿನ ಮೇಲಿಂದ ಗಾಳಿಯ ಒತ್ತಡದ ಒಂದು ಅಲೆ ಹಾದುಹೋಗಿದೆ. ಯಾರಿಗೂ ಗೊತ್ತಾಗಲಿಲ್ಲ. ಮೈಗೆ ತಾಗುವಷ್ಟು ದೊಡ್ಡದೂ ಅಲ್ಲ ಅದು. ಆದರೆ ಅದೇ ಹೊತ್ತಿನ ಆಸುಪಾಸಿನಲ್ಲಿ ಚೆನ್ನೈನ ವಾಯುಭಾರ ಮಾಪಕಗಳು ಅದನ್ನು ಬರೆದಿಟ್ಟುಕೊಂಡವು.

ಅಲೆ ಹೊರಟಿದ್ದು ಪೆಸಿಫಿಕ್ ಸಾಗರದ ಟೊಂಗಾದಿಂದ. ಹುಂಗಾ ಟೊಂಗಾ ಎಂಬ, ಬಹುಪಾಲು ನೀರೊಳಗೇ ಮುಳುಗಿದ್ದ ಜ್ವಾಲಾಮುಖಿ ಅಂದು ಸಿಡಿದಿತ್ತು. ಅಲ್ಲಿಂದ ನಮ್ಮೂರಿಗೆ 12,000 ಕಿ.ಮೀ.ಗೂ ಜಾಸ್ತಿ. ಹನ್ನೊಂದು ಗಂಟೆಯಲ್ಲಿ ಬಂದು ಮುಟ್ಟಿತ್ತು.

ಬಯಲುಸೀಮೆಯವರಿಗೆ ದ್ವೀಪದ ಜ್ವಾಲಾಮುಖಿಯ ಚಿಂತೆ ಯಾಕೆ ಎಂದು ಕೇಳಬಹುದು. ಸಂಬಂಧ ಇದೆ, ಅದೂ ನಮ್ಮ ಚಿತ್ರದುರ್ಗದ ಕಲ್ಲಿನಲ್ಲೇ ಇದೆ. ಅದಕ್ಕೆ ಆಮೇಲೆ ಬರೋಣ. ಮೊದಲು, ಇಂಥ ದ್ವೀಪಗಳ ಅಪಾಯವನ್ನು ವಿಜ್ಞಾನಿಗಳು ಹೇಗೆ ಕಲಿತರು ಎಂಬ ಕಥೆ. ನನ್ನ ಕಣ್ಣಿಗೆ ಅದು ತಡವಾಗಿ ಕಲಿತವರ ಕಥೆ. ನೂರಕ್ಕೂ ಹೆಚ್ಚು ವರ್ಷ ಎಲ್ಲರ ಕಣ್ಣು ಜ್ವಾಲಾಮುಖಿಯ ಬಾಯಿಯ ಮೇಲಿತ್ತು. ಜನ ಸತ್ತಿದ್ದು ಮಾತ್ರ ಬಹಳ ಕಡೆ ಅದರ ಪಕ್ಕೆ ಜಾರಿದ್ದರಿಂದ, ಸಮುದ್ರ ಎದ್ದು ಬಂದಿದ್ದರಿಂದ.

ಶುರು ಮಾಡಬೇಕಾದ್ದು ಕ್ರಕಟೋವಾದಿಂದ. ಜಾವಾ ಮತ್ತು ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯ ಈ ದ್ವೀಪ 1883ರ ಆಗಸ್ಟ್ 27ರಂದು ಸಿಡಿದು ಬಹುಪಾಲು ಮಾಯವಾಯಿತು. ಸದ್ದು ಸುಮಾರು 4,800 ಕಿ.ಮೀ. ದೂರದ ರಾಡ್ರಿಗಸ್ ದ್ವೀಪಕ್ಕೆ ಕೇಳಿಸಿತು. ಅಲ್ಲಿನವರು ಎಲ್ಲೋ ಫಿರಂಗಿ ಹಾರಿಸುತ್ತಿದ್ದಾರೆ ಅಂದುಕೊಂಡರು. ಎರಡು ವಾರದ ನಂತರ ಮದ್ರಾಸ್ ಕಡೆ ಸೂರ್ಯ ಹಸಿರಾಗಿ ಕಂಡ. ಆಕಾಶದಲ್ಲಿ ತೇಲಿಬಂದ ಬೂದಿ ಮತ್ತು ಗಂಧಕದ ಸೂಕ್ಷ್ಮ ಕಣಗಳ ಆಟ ಅದು. ಲಂಡನ್ನಿನ ರಾಯಲ್ ಸೊಸೈಟಿ ಸಮಿತಿ ಮಾಡಿ ದೇಶದೇಶಗಳಿಂದ ಇಂಥ ವರದಿ ತರಿಸಿಕೊಂಡಿತು. 1888ರಲ್ಲಿ ಅದು ಪ್ರಕಟಿಸಿದ ದಪ್ಪ ಸಂಪುಟದಲ್ಲಿ ಗಾಳಿಯ ಒತ್ತಡದ ಅಲೆ ಭೂಮಿಯನ್ನು ಮತ್ತೆ ಮತ್ತೆ ಸುತ್ತಿದ ಲೆಕ್ಕವೂ ಇದೆ. ಟೊಂಗಾದ ಅಲೆಯನ್ನು 2022ರಲ್ಲಿ ಗುರುತಿಸಿದವರಿಗೆ ಹೋಲಿಸಿ ನೋಡಲು ಸಿಕ್ಕಿದ್ದು ಈ ಹಳೆಯ ದಾಖಲೆಗಳೇ.

ಸತ್ತವರು 36,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರನ್ನು ಕೊಂದಿದ್ದು ಸುನಾಮಿ. ಆ ಅಲೆ ಎದ್ದಿದ್ದು ಹೇಗೆ? ದ್ವೀಪ ಒಳಗೆ ಕುಸಿದಿದ್ದರಿಂದಲೋ, ಸುಡುವ ಬೂದಿ-ಕಲ್ಲಿನ ಪ್ರವಾಹ ಸಮುದ್ರಕ್ಕೆ ನುಗ್ಗಿದ್ದರಿಂದಲೋ, ನೀರೊಳಗಿನ ಸ್ಫೋಟದಿಂದಲೋ? ಈ ಜಗಳ ನೂರು ವರ್ಷ ದಾಟಿಯೂ ಮುಗಿಯಲಿಲ್ಲ.

ಮುಂದಿನ ಪಾಠ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದ್ದು. 1902ರ ಮೇ 8ರ ಬೆಳಗ್ಗೆ ಪೆಲೆ ಪರ್ವತದಿಂದ ಇಳಿದ ಬಿಸಿ ಅನಿಲ-ಬೂದಿಯ ಮೋಡ ಸಾಂ ಪಿಯೇರ್ ಪಟ್ಟಣವನ್ನು ನಿಮಿಷಗಳಲ್ಲಿ ಸುಟ್ಟುಹಾಕಿತು. ಸುಮಾರು 28,000 ಜನ ಸತ್ತರು. ಅಲ್ಲಿಗೆ ಹೋಗಿ ಹೆಣಗಳ ನಡುವೆ ಓಡಾಡಿದ ಅಮೆರಿಕದ ಭೂವಿಜ್ಞಾನಿ ಥಾಮಸ್ ಜ್ಯಾಗರ್, ಅನಾಹುತ ಆದ ಮೇಲೆ ಓಡಿಬರುವ ವಿಜ್ಞಾನ ಪ್ರಯೋಜನಕ್ಕಿಲ್ಲ, ಜ್ವಾಲಾಮುಖಿಯ ಪಕ್ಕದಲ್ಲೇ ಮನೆ ಮಾಡಿಕೊಂಡು ದಿನಾ ನೋಡುತ್ತಿರಬೇಕು ಎಂದು ಹಟ ಹಿಡಿದರು. 1912ರಲ್ಲಿ ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯ ಅಂಚಿನಲ್ಲಿ ವೀಕ್ಷಣಾಲಯ ಶುರುವಾಯಿತು. ಇವತ್ತಿಗೂ ನಡೆಯುತ್ತಿದೆ. ಜ್ಯಾಗರ್ ಬುದ್ಧಿ ಬರೀ ಬೆಂಕಿಗೆ ಅಂಟಿಕೊಂಡಿರಲಿಲ್ಲ. 1923ರಲ್ಲಿ ದೂರದ ರಷ್ಯಾದ ಕಾಮ್ಚಾಟ್ಕಾ ಭೂಕಂಪದ ಗುರುತು ನೋಡಿ ಹವಾಯಿಗೆ ಸುನಾಮಿ ಬರಬಹುದು ಎಂದು ಎಚ್ಚರಿಸಿದ್ದರು. ಅಲೆ ಬಂತು ಕೂಡ. ಕೇಳಿಸಿಕೊಂಡವರು ಕಡಿಮೆ. 1946ರಲ್ಲಿ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ಕಡೆಯಿಂದ ಬಂದ ಸುನಾಮಿ ಹವಾಯಿಯಲ್ಲಿ 159 ಜನರನ್ನು ಕೊಂದ ಮೇಲೆ, 1949ರಲ್ಲಿ ಪೆಸಿಫಿಕ್ ಸುನಾಮಿ ಎಚ್ಚರಿಕೆ ವ್ಯವಸ್ಥೆ ಬಂತು. ಆದರೆ ಅದು ಕಿವಿ ಕೊಟ್ಟಿದ್ದು ಭೂಕಂಪಕ್ಕೆ ಮಾತ್ರ. ಈ ಮಾತು ನೆನಪಿರಲಿ.

ಹವಾಯಿಯಲ್ಲೇ ಕೆಲಸ ಮಾಡಿದ ಇನ್ನೊಬ್ಬ ಭೂವಿಜ್ಞಾನಿ ಜೇಮ್ಸ್ ಮೂರ್. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಮನುಷ್ಯ. 1964ರಲ್ಲಿ ಅವರು ಸಮುದ್ರದ ಆಳ ಅಳೆದ ನಕ್ಷೆಗಳನ್ನು ಹರಡಿಕೊಂಡು ಕೂತು, ಓಹೂ ದ್ವೀಪದ ಮುಂದೆ ಸಮುದ್ರತಳದಲ್ಲಿ ಬಿದ್ದಿರುವ ಬೆಟ್ಟದಂಥ ತುಂಡುಗಳು ಆ ದ್ವೀಪದಿಂದಲೇ ಕಳಚಿ ಜಾರಿದವು ಎಂದರು. ದ್ವೀಪದ ಅರ್ಧವೇ ಸಮುದ್ರಕ್ಕೆ ಜಾರುತ್ತದಾ? ಬಹಳ ಜನ ನಂಬಲಿಲ್ಲ. 1970ರ ದಶಕದ ಶುರುವಿನಲ್ಲಿ ಅದೇ ಮೂರ್ ಮತ್ತು ಜೊತೆಗಾರರು ಕಿಲಾವೆಯಾದ ಲಾವಾ ಸಮುದ್ರ ಸೇರುವ ಕಡೆ ನೀರಿಗೆ ಧುಮುಕಿದರು. ಕೆಂಪು ಲಾವಾ ನೀರೊಳಗೆ ಹೇಗೆ ಗಟ್ಟಿಯಾಗುತ್ತದೆ ಎಂದು ಕಣ್ಣಾರೆ ನೋಡಿ, ಚಿತ್ರೀಕರಿಸಿಕೊಂಡು ಬಂದರು. ಅವರು ಕಂಡಿದ್ದು ಹೀಗೆ: ಲಾವಾದ ಮೇಲ್ಮೈ ನೀರು ತಾಗಿದ ತಕ್ಷಣ ಗಾಜಿನಂಥ ಕರಿ ಸಿಪ್ಪೆಯಾಗುತ್ತದೆ. ಒಳಗಿನ ದ್ರವ ತಳ್ಳುತ್ತದೆ. ಸಿಪ್ಪೆ ಬಿರಿಯುತ್ತದೆ. ಬಿರುಕಿನಿಂದ ಇನ್ನೊಂದು ಕೆಂಪು ಉಂಡೆ ಹೊರಬಂದು ಅದೂ ಕರ‍್ರಗಾಗುತ್ತದೆ. ಹೀಗೆ ಒಂದರ ಮೇಲೊಂದು ದಿಂಬುಗಳು.

ಈಗ ಚಿತ್ರದುರ್ಗಕ್ಕೆ ಬನ್ನಿ. ಹೆದ್ದಾರಿಯಲ್ಲಿ ಹಿರಿಯೂರು ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿನ ಬಂಡೆಗಳು ಇಂಥವೇ ದಿಂಬು ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಭೂಮಿಯ ಮೇಲೆ ಗಿಡಮರ ಇರಲಿಲ್ಲ, ಪ್ರಾಣಿ ಇರಲಿಲ್ಲ. ಗದಗದಿಂದ ಶ್ರೀರಂಗಪಟ್ಟಣದ ಕಡೆವರೆಗೆ ಚಾಚಿದ ಚಿತ್ರದುರ್ಗ ಶಿಲಾಪಟ್ಟಿಯ ಒಂದು ತುಂಡು ಇದು. ಕೋಟೆಯ ಬಂಡೆಗಳು ಬೇರೆ ಜಾತಿ, ಅವು ಗ್ರಾನೈಟ್ ಕುಲದವು.

ಹತ್ತಿರ ಕೂತು ಒಂದು ದಿಂಬನ್ನು ನೋಡಿ. ಮೇಲ್ಭಾಗ ದುಂಡಗೆ ಉಬ್ಬಿದೆ. ಕೆಳಭಾಗ ಚೂಪಾಗಿ, ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿದೆ. ಮೆತ್ತಗಿದ್ದಾಗ ಸಂದಿಯಲ್ಲಿ ಕೂತ ಗುರುತು ಅದು. ಪದರಗಳೆಲ್ಲ ಮಡಚಿ, ತಿರುಗಿ, ನೆಟ್ಟಗೆ ನಿಂತಿರುವ ಇಂಥ ಕಡೆ ಮೇಲ್ಬದಿ ಯಾವುದು ಎಂದು ಭೂವಿಜ್ಞಾನಿಗಳು ಕಂಡುಹಿಡಿಯುವುದು ಆ ಚೂಪು ತುದಿಯಿಂದಲೇ. ಅಂಚಿನಲ್ಲಿ ಬೇರೆ ಬಣ್ಣದ ಒಂದು ಗೆರೆ ಓಡುತ್ತದೆ. ಒಮ್ಮೆಲೇ ತಣ್ಣಗಾದ ಸಿಪ್ಪೆ ಅದು. ಕಲ್ಲಿನ ಹಸಿರು ಛಾಯೆ ಆಮೇಲಿನದು. ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಹೊಸ ಖನಿಜಗಳು ಹುಟ್ಟಿದ್ದರಿಂದ ಬಂದದ್ದು.

ಮರಡಿಹಳ್ಳಿ ಅಂದು ಜಪಾನ್, ಇಂಡೋನೇಷ್ಯಾದಂಥ ದ್ವೀಪಸಾಲಿನ ಭಾಗವಾಗಿತ್ತು ಎನ್ನುವ ಭೂವಿಜ್ಞಾನಿಗಳಿದ್ದಾರೆ. ಇಲ್ಲ, ಹಳೆಯ ನೆಲ ಬಿರಿದು ಸಮುದ್ರ ಒಳನುಗ್ಗಿದ ಕಡೆ ಲಾವಾ ಉಕ್ಕಿದ್ದು ಎನ್ನುವವರೂ ಇದ್ದಾರೆ. ಚರ್ಚೆ ಮುಗಿದಿಲ್ಲ. ನೀರಡಿಯಲ್ಲಿ ಉಕ್ಕಿದ ಲಾವಾ ಎಂಬುದರಲ್ಲಿ ಮಾತ್ರ ಅನುಮಾನ ಇಲ್ಲ. ಪಕ್ಕದ ಇಂಗಳದಾಳದಲ್ಲಿ ತಾಮ್ರ ತೆಗೆಯುತ್ತಿದ್ದರಲ್ವಾ, ಆ ಅದಿರು ಕೂಡ ಸಮುದ್ರತಳದ ಜ್ವಾಲಾಮುಖಿಯ ಬಿಸಿನೀರು ತಂದು ಬಿಟ್ಟಿದ್ದು ಎಂದೇ ಬಹಳ ಜನರ ವಿವರಣೆ.

ಅಪಾಯಕ್ಕೂ ಈ ದಿಂಬಿಗೂ ಏನು ಸಂಬಂಧ? ದಿಂಬು ಅಂದರೆ ಸ್ಫೋಟ ಇಲ್ಲದೆ ಹರಿದ ಲಾವಾ. ಆಳದಲ್ಲಿ ಮೇಲಿನ ನೀರಿನ ಭಾರ ಎಷ್ಟಿರುತ್ತದೆಂದರೆ ಹಬೆ ಹಿಗ್ಗಲು ಜಾಗವೇ ಸಿಗುವುದಿಲ್ಲ. ಅನಿಲದ ಗುಳ್ಳೆಗಳೂ ಚಿಕ್ಕವಾಗಿಯೇ ಉಳಿಯುತ್ತವೆ. ಅದೇ ಲಾವಾ ಆಳವಿಲ್ಲದ ನೀರಿನಲ್ಲಿ ಬಂದರೆ ನೀರು ಹಬೆಯಾಗಿ ಒಮ್ಮೆಲೇ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿ ಎಲ್ಲವನ್ನೂ ಪುಡಿ ಮಾಡುತ್ತದೆ. 1963ರಲ್ಲಿ ಐಸ್‌ಲ್ಯಾಂಡ್ ಪಕ್ಕದಲ್ಲಿ ಸುರ್ಟ್ಸೆ ದ್ವೀಪ ಹುಟ್ಟಿದಾಗ ವಿಜ್ಞಾನಿಗಳು ಇದನ್ನು ಶುರುವಿನಿಂದಲೇ ನೋಡಿದರು: ಬಾಯಿಗೆ ಸಮುದ್ರ ನುಗ್ಗುತ್ತಿದ್ದಷ್ಟು ಕಾಲ ಸಿಡಿತ, ನೀರು ದೂರವಾದ ಮೇಲೆ ಸುಮ್ನೆ ಹರಿಯುವ ಲಾವಾ. ಹುಂಗಾ ಟೊಂಗಾದ ನೆತ್ತಿಯ ಮೇಲೆ ಇದ್ದದ್ದು ನೂರೈವತ್ತು ಮೀಟರ್ ಆಸುಪಾಸಿನ ನೀರು. ಸ್ಫೋಟ ತಡೆಯಲು ಅದು ಸಾಲದು, ಸ್ಫೋಟಕ್ಕೆ ಬೇಕಾದಷ್ಟು ನೀರು ಮಾತ್ರ ಇತ್ತು.

ಮೂರ್ ಹೇಳಿದ ಭೂಕುಸಿತಕ್ಕೆ ಬರೋಣ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದ ಉಬ್ಬಿದ ಉತ್ತರ ಪಕ್ಕೆ ಎಲ್ಲರ ಕಣ್ಣೆದುರೇ ಜಾರಿಬಿತ್ತು. ಅದು ದ್ವೀಪವಲ್ಲ, ಆದರೆ ದ್ವೀಪಗಳನ್ನು ನೋಡುವ ಕಣ್ಣು ಬದಲಾಯಿತು. ಜ್ವಾಲಾಮುಖಿ ಗಟ್ಟಿ ಬಂಡೆಯ ಬೆಟ್ಟ ಅಲ್ಲ. ಲಾವಾ, ಬೂದಿ, ಪುಡಿಗಲ್ಲು ಪದರ ಪದರವಾಗಿ ಬಿದ್ದ ರಾಶಿ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಗೆ ಮೇಲಿಂದ ಸುರಿಯುತ್ತಲೇ ಇದ್ದರೆ ಒಂದು ಹೊತ್ತಿಗೆ ಒಂದು ಬದಿ ಸರ‍್ರನೆ ಇಳಿಯುತ್ತದಲ್ಲ, ಹಾಗೆ. 1980ರ ದಶಕದಲ್ಲೇ ಶಬ್ದದ ಮರುದನಿಯಿಂದ ತಳ ನೋಡುವ ಸೋನಾರ್ ಯಂತ್ರ ಎಳೆದುಕೊಂಡು ಹವಾಯಿ ಸುತ್ತ ಸಮುದ್ರತಳವನ್ನು ಜಾಲಾಡಿದಾಗ ಹತ್ತಾರು ದೈತ್ಯ ಕುಸಿತಗಳು ಸಿಕ್ಕವು. ಮೂರ್ ಹೇಳಿದ್ದು ಸರಿಯಿತ್ತು. ಆಮೇಲೆ ಅಟ್ಲಾಂಟಿಕ್‌ನ ಕೆನರಿ ದ್ವೀಪಗಳು, ಹಿಂದೂ ಮಹಾಸಾಗರದ ರಿಯೂನಿಯನ್, ಎಲ್ಲಿ ನೋಡಿದರೂ ಅದೇ. ಹಳೆಯ ದಾಖಲೆಯಲ್ಲಂತೂ ಮೊದಲೇ ಇತ್ತು: 1792ರಲ್ಲಿ ಜಪಾನಿನ ಉನ್ಜೆನ್ ಬಳಿಯ ಬೆಟ್ಟ ಸಮುದ್ರಕ್ಕೆ ಜಾರಿ, ಕುಸಿತ ಮತ್ತು ಸುನಾಮಿ ಸೇರಿ ಸುಮಾರು 15,000 ಜನ ಸತ್ತಿದ್ದರು.

ಹೊಸ ವಿಷಯ ಸಿಕ್ಕಾಗ ಅತಿರೇಕ ಆಗುವುದೂ ಇದೆ. 2001ರಲ್ಲಿ ಇಬ್ಬರು ವಿಜ್ಞಾನಿಗಳು, ಕೆನರಿಯ ಲಾ ಪಾಲ್ಮಾ ದ್ವೀಪದ ಒಂದು ಬದಿ ಜಾರಿದರೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೇ ದೈತ್ಯ ಅಲೆ ಬಡಿಯಬಹುದು ಎಂದು ಲೆಕ್ಕ ಕೊಟ್ಟರು. ಟೀವಿಗಳಿಗೆ ಹಬ್ಬ. ಆಮೇಲಿನ ಅಧ್ಯಯನಗಳು, ಕುಸಿತ ಒಂದೇ ಏಟಿಗೆ ಆಗದೆ ತುಂಡುತುಂಡಾಗಿ ಆಗುತ್ತದೆ, ಅಲೆ ಅಷ್ಟು ದೊಡ್ಡದಾಗದು ಎಂದವು. 2021ರಲ್ಲಿ ಅಲ್ಲಿ 85 ದಿನ ಲಾವಾ ಹರಿಯಿತು, ಮನೆಗಳು, ಬಾಳೆತೋಟಗಳು ಮುಚ್ಚಿಹೋದವು. ದ್ವೀಪದ ಪಕ್ಕೆ ಅಲ್ಲಾಡಲಿಲ್ಲ. ಆದರೂ ಆ ಹಳೆಯ ಅನಿಮೇಶನ್ ವಿಡಿಯೊ ವಾಟ್ಸಾಪ್‌ನಲ್ಲಿ ಇನ್ನೂ ಸಾಯುತ್ತಿಲ್ಲ.

ನಿಜವಾದ ಅಪಾಯ ಬಂದಿದ್ದು ಚಿಕ್ಕ ಬೆಟ್ಟದಿಂದ. ಹಳೆಯ ಕ್ರಕಟೋವಾ ಇದ್ದ ಜಾಗದಲ್ಲಿ 1927ರಲ್ಲಿ ನೀರಿನಿಂದ ತಲೆ ಎತ್ತಿದ ಕೂಸು ಅನಾಕ್ ಕ್ರಕಟೋವಾ. ಅದು ಕಡಿದಾದ ಗುಂಡಿಯ ಅಂಚಿನಲ್ಲಿ ಬೆಳೆಯುತ್ತಿದೆ, ನೈಋತ್ಯಕ್ಕೆ ಜಾರಿದರೆ ಜಾವಾದ ತೀರಕ್ಕೆ 35ರಿಂದ 45 ನಿಮಿಷದಲ್ಲಿ ಅಲೆ ಮುಟ್ಟುತ್ತದೆ ಎಂದು 2012ರಲ್ಲೇ ಒಂದು ಅಧ್ಯಯನ ಲೆಕ್ಕ ಹಾಕಿತ್ತು. 2018ರ ಡಿಸೆಂಬರ್ 22ರ ರಾತ್ರಿ ಆಗಿದ್ದು ಹೆಚ್ಚುಕಡಿಮೆ ಅದೇ. 338 ಮೀಟರ್ ಎತ್ತರವಿದ್ದ ಬೆಟ್ಟ 110 ಮೀಟರ್‌ಗೆ ಇಳಿಯಿತು. 400ಕ್ಕೂ ಹೆಚ್ಚು ಜನ ಸತ್ತರು. ದೊಡ್ಡ ಭೂಕಂಪ ಆಗಿರಲಿಲ್ಲ, ಹಾಗಾಗಿ ಸೈರನ್ ಮೊಳಗಲಿಲ್ಲ. ಅಂದು ಹುಣ್ಣಿಮೆ ಬೇರೆ. ಅಧಿಕಾರಿಗಳು ಮೊದಲು ಇದು ಉಬ್ಬರದ ನೀರು, ಸುನಾಮಿ ಅಲ್ಲ ಎಂದೇ ಹೇಳಿದರು. ಅವರನ್ನು ಬೈದು ಪ್ರಯೋಜನ ಇಲ್ಲ. ಯಂತ್ರ ಕೇಳಿಸಿಕೊಳ್ಳುವುದು ನೆಲ ನಡುಗಿದ್ದನ್ನು. ಬೆಟ್ಟ ಜಾರಿದ್ದನ್ನು ಕೇಳಲು ಅದನ್ನು ಮಾಡಿರಲಿಲ್ಲ. ಅಧ್ಯಯನ ಇತ್ತು, ಅದನ್ನು ಸೈರನ್‌ಗೆ ಜೋಡಿಸುವ ತಂತಿ ಇರಲಿಲ್ಲ.

ಅಂಥ ತಂತಿ ಎಳೆದ ಕಡೆಯೂ ಇದೆ. ಇಟಲಿಯ ಸ್ಟ್ರಾಂಬೊಲಿಯಲ್ಲಿ 2002ರ ಡಿಸೆಂಬರ್ 30ರಂದು ಒಂದು ಬದಿ ಜಾರಿ ಸುನಾಮಿ ಎದ್ದಿತ್ತು. ಆಮೇಲೆ ಆ ಇಳಿಜಾರನ್ನು ರಾಡಾರ್ ಹಗಲು ರಾತ್ರಿ ಅಳೆಯುತ್ತಿದೆ. ತೀರದ ಹತ್ತಿರ ನೀರಿನಲ್ಲೇ ಅಲೆ ಅಳೆಯುವ ಕಂಬಗಳನ್ನು ನಿಲ್ಲಿಸಿ, ಸೈರನ್‌ಗೆ ನೇರವಾಗಿ ಜೋಡಿಸಿದ್ದಾರೆ.

ಟೊಂಗಾ ಇನ್ನೊಂದು ಪಾಠ ಸೇರಿಸಿತು. ಅಲ್ಲಿ ಮೇಲಿಂದ ಬಿದ್ದ ಬೂದಿ-ಕಲ್ಲು ಸಮುದ್ರತಳದಲ್ಲಿ ಗಂಟೆಗೆ 122 ಕಿ.ಮೀ. ವೇಗದವರೆಗೆ ಹರಿದು, ದೇಶದ ಇಂಟರ್‌ನೆಟ್ ಕೇಬಲ್ಲನ್ನೇ ಕಿತ್ತುಹಾಕಿತು. ಐದು ವಾರ ಟೊಂಗಾ ಹೊರಜಗತ್ತಿಗೆ ಸರಿಯಾಗಿ ಸಿಗಲೇ ಇಲ್ಲ. ಗಾಳಿಯ ಒತ್ತಡದ ಅಲೆ ದೂರದ ಸಮುದ್ರಗಳಲ್ಲೂ ನೀರನ್ನು ಎಬ್ಬಿಸಿತು, ಮಾಮೂಲಿ ಸುನಾಮಿ ಮುಟ್ಟಬೇಕಾದ ಹೊತ್ತಿಗಿಂತ ಮೊದಲೇ.

ನಮ್ಮ ದೇಶದ ಪಾಲಿಗೆ ಈ ಎಲ್ಲ ಪ್ರಶ್ನೆಗಳು ಬಂದು ನಿಲ್ಲುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಸುಮಾರು 140 ಕಿ.ಮೀ. ದೂರ, ಭಾರತದ ಒಂದೇ ಒಂದು ಸಕ್ರಿಯ ಜ್ವಾಲಾಮುಖಿ. 1787ರಲ್ಲಿ ಮೊದಲ ದಾಖಲೆ, ಆಮೇಲೆ ನೂರೈವತ್ತು ವರ್ಷಕ್ಕೂ ಹೆಚ್ಚು ನಿದ್ದೆ, 1991ರಲ್ಲಿ ಮತ್ತೆ ಎಚ್ಚರ. 2017ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಂಡ ಹಡಗಿನಲ್ಲಿ ಹತ್ತಿರ ಹೋದಾಗ, ಹಗಲು ಬೂದಿಯ ಹೊಗೆ, ಸೂರ್ಯ ಮುಳುಗಿದ ಮೇಲೆ ಬಾಯಿಂದ ಚಿಮ್ಮುವ ಕೆಂಪು ಲಾವಾ ಕಂಡಿತ್ತು. ನೀರಿನ ಮೇಲೆ ಕಾಣುವುದು ಬೆಟ್ಟದ ತುದಿ ಮಾತ್ರ, ಉಳಿದ ಎರಡು ಕಿ.ಮೀ.ಯಷ್ಟು ಎತ್ತರ ನೀರೊಳಗಿದೆ.

2004ರ ಸುನಾಮಿಯ ನಂತರ, 2007ರಲ್ಲಿ ಹೈದರಾಬಾದಿನ ಇನ್‌ಕಾಯಿಸ್‌ನಲ್ಲಿ (ಸಾಗರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಒಳ್ಳೆಯ ಕೇಂದ್ರ, ದೊಡ್ಡ ಭೂಕಂಪ ಆದರೆ ನಿಮಿಷಗಳಲ್ಲಿ ಸುದ್ದಿ ಕೊಡುತ್ತದೆ. ಅದರ ಮೂಲ ಗುರಿಯೂ ಭೂಕಂಪದಿಂದ ಏಳುವ ಸುನಾಮಿಯೇ. ಬ್ಯಾರನ್‌ನಲ್ಲಿ ಜನ ಇಲ್ಲ, ಹಾಗಾಗಿ ಭಯ ಇಲ್ಲ ಎನ್ನುವ ಮಾತು ಆಗಾಗ ಕೇಳುತ್ತೇವೆ. ಅನಾಕ್ ಕ್ರಕಟೋವಾದಲ್ಲೂ ಯಾರೂ ವಾಸವಿರಲಿಲ್ಲ. ಬ್ಯಾರನ್‌ನ ನೀರೊಳಗಿನ ಇಳಿಜಾರುಗಳನ್ನು ಮತ್ತೆ ಮತ್ತೆ ಅಳೆಯುವುದು, ದ್ವೀಪದ ಸುತ್ತ ಸ್ಟ್ರಾಂಬೊಲಿಯಂತೆ ಅಲೆ ಗುರುತಿಸುವ ಸಾಧನ ಇಡುವುದು ದುಬಾರಿ ಕೆಲಸ ಹೌದು. ಆದರೆ ಆ ಬದಿಯ ಅಂಡಮಾನ್ ತೀರಕ್ಕೆ ಅಲೆ ಬರಲು ಗಂಟೆಗಟ್ಟಲೆ ಬೇಕಾಗುವುದಿಲ್ಲ.